ಮಲಾವಿಯಲ್ಲಿ ಬ್ಲಾಕ್ ಒತ್ತಿದ್ದು, ನೀರು ಹೊತ್ತಿದ್ದು

ನಾನು ಹಿರಿಯೂರು ಕಡೆಯವನು. ಸಿವಿಲ್ ಡಿಪ್ಲೊಮಾ ಮುಗಿಸಿ ಚಿತ್ರದುರ್ಗದಲ್ಲಿ ಆರು ವರ್ಷ ಸೈಟ್ ನೋಡಿಕೊಂಡಿದ್ದೆ. ಆಮೇಲೆ ಸ್ವಯಂಸೇವಕನಾಗಿ ಎರಡು ವರ್ಷ ಆಫ್ರಿಕಾದ ಮಲಾವಿಯಲ್ಲಿದ್ದೆ. ಸಂಬಳ ಇಲ್ಲ, ಊಟಕ್ಕೆ, ಮನೆ ಬಾಡಿಗೆಗೆ ಆಗುವಷ್ಟು ದುಡ್ಡು. ಕೆಲಸ ಅಂದರೆ ಒಂದು ಹಳ್ಳಿ ಶಾಲೆಗೆ ಎರಡು ಕೋಣೆ, ಒಂದು ಸಾಲು ಶೌಚಾಲಯ.

ಊಟದ ಕಷ್ಟ ಆಗಲೇ ಇಲ್ಲ. ಅಲ್ಲಿಯವರು ತಿನ್ನುವ ನ್ಸೀಮಾ ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ. ಜೊತೆಗೆ ಕುಂಬಳ ಸೊಪ್ಪು, ಇಲ್ಲ ಬೀನ್ಸ್ ಕಾಳು. ಅವರು ಅಗಿಯುತ್ತಾರೆ, ನಾನು ನುಂಗುತ್ತಿದ್ದೆ. ಅದನ್ನು ನೋಡಿ ಮಕ್ಕಳಿಗೆ ನಗುವೋ ನಗು. ಸಂಜೆ ಆರಕ್ಕೆ ಫೋನ್ ಮಾಡಿದರೆ ಇಲ್ಲಿ ಒಂಬತ್ತೂವರೆ. "ಮುದ್ದೆ ಸಿಗುತ್ತೆ ಕಣಮ್ಮ" ಅಂದರೆ ಅಮ್ಮ ನಂಬಲಿಲ್ಲ.

ಅಲ್ಲಿ ಹಳ್ಳಿಯವರೇ ಇಟ್ಟಿಗೆ ಮಾಡಿ, ಸೌದೆ ಉರಿಸಿ ಸುಡುತ್ತಾರೆ. ಒಂದು ಗೂಡಿಗೆ ಎಷ್ಟು ಮರ ಬೇಕು ಅಂತ ಕಣ್ಣಾರೆ ನೋಡಿದ ಮೇಲೆ ಸುಡದ ಬ್ಲಾಕ್‌ಗೇ ಒಪ್ಪಿದೆವು. ಮಣ್ಣಿಗೆ ನೂರಕ್ಕೆ ಏಳು ಪಾಲು ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತುವುದು. 50 ಕೆಜಿ ಚೀಲಕ್ಕೆ ಸುಮಾರು 90 ಬ್ಲಾಕ್ ಬರುತ್ತಿತ್ತು. ಮಣ್ಣು ಪರೀಕ್ಷೆಗೆ ಲ್ಯಾಬ್ ಏನೂ ಬೇಡ. ಬಾಟಲಿಯಲ್ಲಿ ಮಣ್ಣು, ನೀರು ಹಾಕಿ ಕುಲುಕಿ ಇಡಿ. ಮರಳು ತಕ್ಷಣ ತಳ ಸೇರುತ್ತೆ, ಜೇಡಿ ಮೇಲೆ ನಿಧಾನಕ್ಕೆ ಕೂರುತ್ತೆ. ಜೇಡಿ ಜಾಸ್ತಿ ಕಂಡರೆ ಮರಳು ಬೆರೆಸಿ. ನಮ್ಮ ಕಡೆಯ ಎರೆ ಮಣ್ಣಾದರೆ ಸುಮ್ನೆ ಕೈ ಮುಗಿದು ಬಿಟ್ಟುಬಿಡಿ.

ನಿಜವಾದ ಕಷ್ಟ ಇದ್ದದ್ದು ಕ್ಯೂರಿಂಗ್‌ನಲ್ಲಿ, ಅಂದರೆ ಸಿಮೆಂಟ್ ಗಟ್ಟಿಯಾಗುವವರೆಗೆ ಬ್ಲಾಕ್ ಒಣಗದಂತೆ ನೀರು ಹಾಕುವುದರಲ್ಲಿ. ಇಲ್ಲಾದರೆ ಮೋಟಾರ್ ಹಾಕಿ ಪೈಪ್ ಹಿಡಿದರೆ ಮುಗೀತು. ಅಲ್ಲಿ ಇದ್ದದ್ದು ಒಂದೇ ಕೈಪಂಪು, ಅದರ ಮುಂದೆ ಬೆಳಗಿನಿಂದ ಬಕೆಟ್ ಸಾಲು. ಹೆಂಗಸರು ಮನೆಗೆ ಹೊತ್ತ ಮೇಲೆ ನಮ್ಮ ಬ್ಲಾಕ್‌ಗೂ ಹೊರಬೇಕಿತ್ತು. ಇದನ್ನು ನಾನು ಪ್ಲಾನ್‌ನಲ್ಲಿ ಬರೆದೇ ಇರಲಿಲ್ಲ. ಎರಡನೇ ವಾರದಿಂದ ನಾನೂ ಬಕೆಟ್ ಹಿಡಿದು ಸಾಲಿನಲ್ಲಿ ನಿಂತೆ.

ಅಷ್ಟರಲ್ಲಿ ಊರಲ್ಲಿ ಒಂದು ಸಾವಾಯಿತು. ಕೆಲಸದವರು ಒಬ್ಬರೂ ಬರಲಿಲ್ಲ. ನನಗೂ ಆ ದಿನಗಳಲ್ಲೇ ಪಟ್ಟಣದಲ್ಲಿ ಸಿಮೆಂಟ್ ತರುವ ಕೆಲಸ. ಮೂರು ದಿನ ಬಿಟ್ಟು ಬಂದು ನೋಡಿದರೆ, ಹೊಸದಾಗಿ ಒತ್ತಿದ 200 ಬ್ಲಾಕ್ ಬಿಸಿಲಿಗೆ ಒಣಗಿ ನಿಂತಿದ್ದವು. ಮೂಲೆ ಉಜ್ಜಿದರೆ ಬೆರಳಿಗೆ ಪುಡಿ. ಮೇಸ್ತ್ರಿ ಮೇಲೆ ಕೂಗಾಡಿದೆ. ಅವರು ಏನೂ ಅನ್ನಲಿಲ್ಲ. ರಾತ್ರಿ ಮಲಗಿದಾಗ ನೆನಪಾಯಿತು: ನಮ್ಮೂರಲ್ಲೂ ಹೆಣ ಎತ್ತುವವರೆಗೆ ಬೀದಿಯಲ್ಲಿ ಒಲೆ ಹಚ್ಚಲ್ಲ, ಅಲ್ವಾ? ಅಂಥ ದಿನ ಯಾರಾದರೂ ಗೋಡೆಗೆ ನೀರು ಹೊಡಿ ಅಂದಿದ್ದರೆ ನಮ್ಮಪ್ಪ ಏನು ಮಾಡುತ್ತಿದ್ದರೋ.

ಬೆಳಿಗ್ಗೆ ಹೋಗಿ ಕ್ಷಮೆ ಕೇಳಿದೆ. ಆಮೇಲೆ ಬ್ಲಾಕ್‌ಗಳನ್ನು ನೆರಳಲ್ಲಿ ಜೋಡಿಸಿ, ಒದ್ದೆ ಹುಲ್ಲು ಹಾಕಿ, ಮೇಲೆ ಪ್ಲಾಸ್ಟಿಕ್ ಹೊದಿಸಿ ಅಂಚಿಗೆ ಕಲ್ಲು ಹೇರಲು ಶುರು ಮಾಡಿದೆವು. ನೀರೂ ಕಡಿಮೆ ಸಾಕಾಯಿತು. ಹಾಳಾದ 200 ಅಂಗಳದಲ್ಲಿ ಮಕ್ಕಳು ಕೂರುವ ಕಟ್ಟೆಯಾದವು.

ಎರಡು ತಿಂಗಳ ಮೇಲೆ ಮತ್ತೊಂದು ಸಾವಿನ ಸುದ್ದಿ ಬಂತು. ನಾನು ಕೈ ತೊಳೆಯುವಷ್ಟರಲ್ಲಿ ಮೇಸ್ತ್ರಿ ಹುಲ್ಲು ನೆನೆಸಿ, ಪ್ಲಾಸ್ಟಿಕ್ ಎಳೆದು, ಕೊನೆಯ ಕಲ್ಲು ಇಡುತ್ತಿದ್ದರು. "ಈಗ ಹೋಗೋಣ" ಎಂದರು. ನಾನೂ ಅವರ ಹಿಂದೆ ಹೊರಟೆ.