ಗುಲ್ಮಾರ್ಗ್‌ನಲ್ಲಿ ಹಿಮ ಬಿದ್ದ ಮಾರನೇ ದಿನ ಸ್ಕೀ ಮಾಡುವ ಮುನ್ನ

ರಾತ್ರಿಯಿಡೀ ಹಿಮ ಸುರಿದು ಬೆಳಿಗ್ಗೆ ಬಿಸಿಲು ಬಿದ್ದರೆ ಬೆಟ್ಟದ ಮೇಲಕ್ಕೆ ಒಯ್ಯುವ ಗೊಂಡೋಲಾ (ಕೇಬಲ್ ಕಾರ್) ಮುಂದೆ ಎಲ್ಲರಿಗೂ ಅವಸರ. ಬೆಂಗಳೂರಿನಿಂದ ಬರುವ ನನ್ನ ಗೆಳೆಯರೂ ಅಂಥ ದಿನಕ್ಕೇ ಕಾದಿರುತ್ತಾರೆ. ಆ ದಿನವೇ ಜಾಸ್ತಿ ಹುಷಾರಾಗಿರಿ ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಹೊಸ ಹಿಮದ ಭಾರಕ್ಕೆ ಕೆಳಗಿನ ಪದರ ಇನ್ನೂ ಹೊಂದಿಕೊಂಡಿರುವುದಿಲ್ಲ. 2023ರ ಫೆಬ್ರವರಿ 1ರಂದು ಇದೇ ಗುಲ್ಮಾರ್ಗ್‌ನ ಅಫರ್ವಾಟ್ ಬೆಟ್ಟದ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ತೀರಿಕೊಂಡರು.

ಹಿಂದಿನ ಸಂಜೆಯೇ ಡಿಆರ್‌ಡಿಒದ ಸಂಸ್ಥೆ ಡಿಜಿಆರ್‌ಇ ಕೊಡುವ ಹಿಮಕುಸಿತದ ಮುನ್ಸೂಚನೆ ನೋಡಿ. ಆದರೆ ಅದು ದೊಡ್ಡ ಪ್ರದೇಶಕ್ಕೆ ಹೇಳಿದ್ದು, ನೀವು ಇಳಿಯುವ ಇಳಿಜಾರಿಗಲ್ಲ. ಅದಕ್ಕೇ ಬೆಳಿಗ್ಗೆ ಇಳಿಜಾರುಗಳ ಸುರಕ್ಷತೆ ನೋಡಿಕೊಳ್ಳುವ ಸ್ಕೀ ಪೆಟ್ರೋಲ್‌ನವರನ್ನು ಕೇಳಿ: ರಾತ್ರಿ ಗಾಳಿ ಯಾವ ಕಡೆಯಿಂದ ಬೀಸಿತು? ಗಾಳಿ ಏಣಿನ ಒಂದು ಬದಿಯ ಹಿಮ ಎತ್ತಿ ಇನ್ನೊಂದು ಬದಿಗೆ ಪೇರಿಸುತ್ತದೆ. ಆ ಮರೆಯ ಬದಿಗೆ ಹೋಗಬೇಡಿ.

ಆಮೇಲೆ ಒಳಗಿನ ಪದರಗಳನ್ನು ನೋಡಲು ಹಿಮದಲ್ಲಿ ಗುಂಡಿ ತೋಡಿ. ನೀವು ಇಳಿಯಬೇಕೆಂದಿರುವ ದಿಕ್ಕಿಗೇ ಮುಖ ಮಾಡಿದ, ಮೇಲೆ ಅಪಾಯವಿಲ್ಲದ ಸಣ್ಣ ಇಳಿಜಾರು ಸಾಕು. ಚಳಿಗಾಲದ ಶುರುವಿನಲ್ಲಿ ಬಿದ್ದ ತೆಳು ಹಿಮ ಕೊರೆಯುವ ರಾತ್ರಿಗಳಲ್ಲಿ ಹರಳುಗಟ್ಟಿ ತಳದಲ್ಲೇ ಉಳಿದಿರುತ್ತದೆ. ಅದನ್ನು ಮುಷ್ಟಿಯಲ್ಲಿ ಅಮುಕಿ ನೋಡಿ. ಉಂಡೆ ಕಟ್ಟದೆ, ದಪ್ಪ ಸಕ್ಕರೆಯ ಹಾಗೆ ಬೆರಳ ಸಂದಿಯಿಂದ ಸುರಿದುಹೋದರೆ ಅದೇ ದುರ್ಬಲ ಪದರ. ಈಗ ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ. ಅಗಲ, ಮುಂದಿನಿಂದ ಹಿಂದಕ್ಕೆ 30 ಸೆಂ.ಮೀ. ಇರುವ ಹಿಮದ ಕಂಬ ಕತ್ತರಿಸಿ ಬಿಡಿಸಿ. ಒಂದು ತುದಿಯ ಮೇಲೆ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಿ. ಬಿರುಕು ಈ ತುದಿಯಿಂದ ಆ ತುದಿಗೆ ಓಡಿತೇ? ಆ ಇಳಿಜಾರು ಬಿಟ್ಟುಬಿಡಿ. ಓಡಲಿಲ್ಲ ಅಂದ ಮಾತ್ರಕ್ಕೆ ಎಲ್ಲ ಕಡೆ ಸರಿಯಿದೆ ಅಂತಲ್ಲ, ಹತ್ತು ಮೀಟರ್ ಆಚೆ ಬೇರೆಯೇ ಇರಬಹುದು.

ದೊಡ್ಡ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಫೋನಿನಲ್ಲೇ ಕೋನ ಅಳೆಯಬಹುದು. ನಿಮ್ಮ ತಲೆಯ ಮೇಲಿನ ಇಳಿಜಾರನ್ನೂ ಲೆಕ್ಕಕ್ಕೆ ತಗೊಳ್ಳಿ. ಕಾಲಡಿ ಹಿಮ ‘ಧುಮ್’ ಎಂದು ಕುಸಿದರೆ, ಸ್ಕೀ ಮುಂದೆ ಬಿರುಕು ಹರಿದರೆ, ಇನ್ನು ಪರೀಕ್ಷೆ ಬೇಡ. ಕಡಿದಾದ ಜಾಗ ಬಿಟ್ಟು, 25 ಡಿಗ್ರಿಗಿಂತ ಕಡಿಮೆ ಇರುವ ಕಡೆ ಇಳಿಯಿರಿ.

ಟ್ರಾನ್ಸೀವರ್ (ಹೂತವರನ್ನು ರೇಡಿಯೋ ಸಂಕೇತದಿಂದ ಹುಡುಕುವ ಸಾಧನ), ಪ್ರೋಬ್ ಕಡ್ಡಿ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಹತ್ತಿರ ಇರಲೇಬೇಕು. ಹೂತುಹೋದವರು ಬದುಕುವ ಸಾಧ್ಯತೆ ಮೊದಲ 10–15 ನಿಮಿಷದ ನಂತರ ಬೇಗ ಇಳಿಯುತ್ತದೆ. ಕೆಳಗಿನಿಂದ ಜನ ಬರುವಷ್ಟರಲ್ಲಿ ತಡವಾಗಿರುತ್ತದೆ, ಜೊತೆಗಿದ್ದವರೇ ಅಗೆಯಬೇಕು. ಅದಕ್ಕೇ ಒಬ್ಬೊಬ್ಬರಾಗಿ ಇಳಿಯಿರಿ, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ಕಣ್ಣು ಕೀಳದೆ ನೋಡುತ್ತಿರಲಿ. ಹೊರಡುವ ಮೊದಲು ಎಲ್ಲರ ಟ್ರಾನ್ಸೀವರ್ ಪರೀಕ್ಷಿಸಿ. ಫೋನು ಅದರಿಂದ ಕನಿಷ್ಠ 20 ಸೆಂ.ಮೀ. ದೂರ ಇರಲಿ, ಹುಡುಕುವಾಗ 50 ಸೆಂ.ಮೀ.