ಗಿರಿಸಾಲಿನ ಫೋಟೋದಿಂದ ಡಿಜಿಟಲ್ ವರ್ಣಚಿತ್ರ

ನಿಸರ್ಗದೃಶ್ಯದ ಫೋಟೋ ಎದುರಿಗಿಟ್ಟುಕೊಂಡು ಡಿಜಿಟಲ್ ಚಿತ್ರ ಬರೆಯಲು ಕೂತವರು ಹೆಚ್ಚಾಗಿ ಬಣ್ಣದಿಂದಲೇ ಆರಂಭಿಸುತ್ತಾರೆ. ಆದರೆ ದೃಶ್ಯಕ್ಕೆ ಆಳ ಬರುವುದು ಮುಖ್ಯವಾಗಿ ನೆರಳು-ಬೆಳಕಿನ ಮಟ್ಟಗಳಿಂದ. ಅವು ಸರಿಯಾಗಿ ಕೂತರೆ ಬಣ್ಣದಲ್ಲಿ ಎಷ್ಟೋ ಸ್ವಾತಂತ್ರ್ಯ ಸಿಗುತ್ತದೆ. ಮುಳ್ಳಯ್ಯನಗಿರಿಯ ಮೇಲಿನಿಂದ ಬೆಳಗಿನ ಹೊತ್ತು ತೆಗೆದ, ಒಂದರ ಹಿಂದೊಂದು ಬೆಟ್ಟಗಳು ಮಂಜಿನಲ್ಲಿ ತೆಳುವಾಗುತ್ತ ಹೋಗುವಂಥ ಫೋಟೋ ಮೊದಲ ಅಭ್ಯಾಸಕ್ಕೆ ಬಹಳ ಒಳ್ಳೆಯದು. ಬೇರೆಯವರು ತೆಗೆದದ್ದಾದರೆ ಅವರ ಅನುಮತಿ ಪಡೆದಿರಬೇಕು.

ತಂತ್ರಾಂಶ ಯಾವುದಾದರೂ ಆದೀತು. ಉಚಿತವಾಗಿ ಸಿಗುವ ಕ್ರಿಟಾ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಮುಂದೆ ಎ4 ಹಾಳೆಯಲ್ಲಿ ಮುದ್ರಿಸುವ ಆಸೆಯಿದ್ದರೆ 3508 × 2480 ಪಿಕ್ಸೆಲ್‌ಗಳ ಕ್ಯಾನ್ವಾಸ್ ತೆಗೆದುಕೊಳ್ಳಿ.

ಫೋಟೋದ ಒಂದು ಪ್ರತಿಯನ್ನು ಕಪ್ಪು-ಬಿಳುಪಿಗೆ ತಿರುಗಿಸಿ, ಪೋಸ್ಟರೈಸ್ ಫಿಲ್ಟರ್‌ನಿಂದ ಅದನ್ನು ನಾಲ್ಕೈದು ಮಟ್ಟಗಳಿಗೆ ಇಳಿಸಿ. ಈಗ ಪ್ರತಿಯೊಂದು ಗಿರಿಸಾಲಿಗೂ ಒಂದೊಂದು ಲೇಯರ್ (ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಯಂಥ ಪದರ) ಮಾಡಿಕೊಂಡು, ದೊಡ್ಡ ಬ್ರಷ್‌ನಲ್ಲಿ, ಆ ಮಟ್ಟಗಳಿಗೆ ಹೊಂದುವ ಬೂದು ಬಣ್ಣಗಳನ್ನಷ್ಟೇ ಹಿಂದಿನಿಂದ ಮುಂದಕ್ಕೆ ತುಂಬುತ್ತ ಬನ್ನಿ. ನಡುವಿನ ಗಾಳಿ ಮತ್ತು ತೇವಾಂಶ ಬೆಳಕನ್ನು ಚದುರಿಸುವುದರಿಂದ ದೂರದ ಬೆಟ್ಟದ ನೆರಳುಗಳು ತಿಳಿಯಾಗಿ ನೀಲಿಗೆ ತಿರುಗುತ್ತವೆ. ಆದ್ದರಿಂದ ಚಿತ್ರದ ಅತಿ ಗಾಢವಾದ ಬಣ್ಣವನ್ನು ಮುಂಭಾಗದ ಬಂಡೆ, ಹುಲ್ಲುಗಳಿಗೇ ಮೀಸಲಿಡಬೇಕು.

ಮಂಜಿನ ಭಾಗಕ್ಕೆ ಹೆಚ್ಚು ಸಮಯ ಕೊಡಿ. ಫೋಟೋವನ್ನು ದೊಡ್ಡದು ಮಾಡಿ ನೋಡಿದರೆ ಪ್ರತಿ ಸಾಲಿನ ಮೇಲಂಚು ಚೂಪಾಗಿದ್ದು, ಬುಡ ಮಾತ್ರ ಕರಗಿಹೋಗಿರುವುದು ಕಾಣುತ್ತದೆ. ಇದನ್ನು ತರಲು ಆ ಲೇಯರ್‌ನ ಆಲ್ಫಾ ಲಾಕ್ ಮಾಡಿ (ಈಗಾಗಲೇ ಬಣ್ಣ ತುಂಬಿದ ಜಾಗದ ಹೊರಗೆ ಬ್ರಷ್ ತಾಗದಂತೆ ತಡೆಯುವ ಆಯ್ಕೆ ಇದು), ಅಂಚು ಮೆತ್ತಗಿರುವ ದೊಡ್ಡ ಬ್ರಷ್‌ನ ಒಪಾಸಿಟಿಯನ್ನು (ಬಣ್ಣದ ದಟ್ಟತನವನ್ನು) ಶೇ. 10ರಿಂದ 20ಕ್ಕೆ ಇಳಿಸಿ, ದಿಗಂತದ ಆಕಾಶದ ಬಣ್ಣವನ್ನು ಬುಡದ ಕಡೆಯಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವಾಗಿ ಹಚ್ಚುತ್ತ ಹೋಗಿ. ಲಾಕ್ ಇರುವುದರಿಂದ ಮೇಲಂಚು ಹಾಗೆಯೇ ಉಳಿಯುತ್ತದೆ.

ಆಮೇಲೆ ಬಣ್ಣ. ಐಡ್ರಾಪರ್‌ನಿಂದ ಫೋಟೋದ ಬಣ್ಣಗಳನ್ನೇ ಎತ್ತಿ ಹಚ್ಚುವುದು ಸುಲಭ, ಆದರೆ ಅದರಿಂದ ಕಣ್ಣು ಕಲಿಯುವುದಿಲ್ಲ. ಬಣ್ಣವನ್ನು ಮೊದಲು ನೀವೇ ಅಂದಾಜಿನಿಂದ ಆರಿಸಿ, ನಂತರ ಐಡ್ರಾಪರ್‌ನಿಂದ ಹೋಲಿಸಿ ನೋಡಿ. ಫೋಟೋವನ್ನು ಪೂರ್ತಿ ನಂಬಲೂಬಾರದು: ಹುಲ್ಲುಗಾವಲಿನ ಕಣಿವೆಗಳಲ್ಲಿ ಒತ್ತಾಗಿ ಬೆಳೆದ ಶೋಲಾ ಕಾಡು ಕ್ಯಾಮೆರಾದಲ್ಲಿ ಎಷ್ಟೋ ಸಲ ಬರೀ ಕಪ್ಪು ಕಲೆಯಾಗಿ ಬೀಳುತ್ತದೆ, ಬರಿಗಣ್ಣಿಗಾದರೆ ಅದರೊಳಗೆ ಕಡುಹಸಿರು, ನೀಲಿ ಛಾಯೆಗಳು ಇದ್ದೇ ಇರುತ್ತವೆ. ಅಲ್ಲಿ ಮರಮರವನ್ನೂ ಬರೆಯುವ ಅಗತ್ಯವಿಲ್ಲ. ಕಾಡಿನ ಅಂಚನ್ನು ಏರುಪೇರಾಗಿ ಒಡೆದು, ಬಿಸಿಲು ತಾಗುವ ಕೆಲವು ನೆತ್ತಿಗಳನ್ನು ಮಾತ್ರ ಎತ್ತಿ ತೋರಿಸಿದರೆ ಸಾಕು.

ನಡುನಡುವೆ ಕ್ರಿಟಾದಲ್ಲಿ ಎಂ ಕೀಲಿ ಒತ್ತಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ನೋಡಿ, ವಾಲಿಕೊಂಡ ಸಾಲುಗಳು ತಕ್ಷಣ ಗೊತ್ತಾಗುತ್ತವೆ. ಹುಲ್ಲಿನ ಎಳೆಗಳಂಥ ಸೂಕ್ಷ್ಮ ವಿವರಗಳನ್ನು ಕೊನೆಗೆ, ನೋಡುವವರ ಕಣ್ಣು ನಿಲ್ಲಬೇಕಾದ ಒಂದು ಜಾಗದಲ್ಲಿ ಮಾತ್ರ ಬರೆಯಿರಿ. ಲೇಯರ್‌ಗಳಿರುವ ಮೂಲ ಕಡತವನ್ನು ಕ್ರಿಟಾದ ಸ್ವಂತ ರೂಪದಲ್ಲೇ ಉಳಿಸಿಕೊಂಡು, ಹಂಚಿಕೊಳ್ಳಲು ಬೇರೊಂದು ಜೆಪೆಗ್ ಪ್ರತಿ ಮಾಡಿಕೊಳ್ಳಿ.