ಸೊಸೈಟಿಯ ಟೆರೇಸಿನಿಂದ ಗುರುಗ್ರಹದ ಚಂದ್ರಗಳನ್ನು ಗುರುತಿಸುವ ಬಗೆ

ಮುಂಬಯಿಯ ದೀಪಗಳ ನಡುವೆ ಆಕಾಶಗಂಗೆ ಕಾಣುವುದಿಲ್ಲವೆಂಬುದು ನಿಜ. ಆದರೆ ಗುರುಗ್ರಹದ ನಾಲ್ಕು ದೊಡ್ಡ ಉಪಗ್ರಹಗಳಾದ ಅಯೊ, ಯುರೋಪಾ, ಗ್ಯಾನಿಮೀಡ್ ಮತ್ತು ಕ್ಯಾಲಿಸ್ಟೊಗಳನ್ನು ಡೊಂಬಿವಲಿಯಂಥ ಕಿಕ್ಕಿರಿದ ಊರಿನ ಟೆರೇಸಿನಿಂದಲೂ ನೋಡಬಹುದು. ಅದಕ್ಕೆ 10×50 ಅಳತೆಯ (ಹತ್ತು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಮಸೂರ 50 ಮಿ.ಮೀ. ಅಗಲವಿರುವ) ಬೈನಾಕ್ಯುಲರ್ ಮತ್ತು ಒಂದು ನೋಟ್‌ಬುಕ್ ಸಾಕು. ಟೆರೇಸಿನ ಬೀಗದ ಕೈಯನ್ನು ಮಾತ್ರ ವಾಚ್‌ಮನ್ ಬಳಿ ಹಗಲಿನಲ್ಲೇ ಕೇಳಿಟ್ಟುಕೊಳ್ಳಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಮೋಡ ಬಿಡುವು ಕೊಡುವುದು ಅಪರೂಪ, ಚಳಿಗಾಲವೇ ಒಳ್ಳೆಯದು. ಶುಕ್ರ ನಮ್ಮಲ್ಲಿ ಮಧ್ಯರಾತ್ರಿ ಆಕಾಶದಲ್ಲಿ ಇರುವುದಿಲ್ಲವಾದ್ದರಿಂದ, ಆ ಹೊತ್ತಿಗೆ ಎತ್ತರದಲ್ಲಿ ಮಿನುಗದೆ, ಕೆಂಪು ಛಾಯೆಯೂ ಇಲ್ಲದೆ, ಉಳಿದೆಲ್ಲ ನಕ್ಷತ್ರಗಳನ್ನು ಮೀರಿ ಬೆಳಗುವುದು ಗುರುವೇ. ಅಂಚಿನಲ್ಲಿ ಹೊಗೆಮಂಜು ದಟ್ಟವಾಗಿರುವುದರಿಂದ, ಅದು ದಿಗಂತದಿಂದ ಚಾಚಿದ ಕೈಯ ಮೂರು ಮುಷ್ಟಿಯಷ್ಟು ಮೇಲೇರುವವರೆಗೆ ಕಾಯಬೇಕು.

ಹೆಚ್ಚಿನವರು ಸೋಲುವುದು ಕೈ ನಡುಕದಿಂದ. ನಾನು ಮೊದಲ ಕೆಲವು ರಾತ್ರಿ ನಿಂತುಕೊಂಡೇ ನೋಡಿದ್ದರಿಂದ, ಸುರುಳಿ ಸುತ್ತುವ ಒಂದು ಬೆಳಕಿನ ಗೆರೆಯ ಹೊರತು ಬೇರೇನೂ ಕಂಡಿರಲಿಲ್ಲ. ಆಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ನೀರಿನ ಟಾಂಕಿಯ ಗೋಡೆಗೆ ತಲೆಯಾನಿಸಿ, ಮೊಣಕೈಗಳನ್ನು ಎದೆಗೊತ್ತಿಕೊಂಡು ಉಸಿರು ಬಿಗಿಹಿಡಿದಾಗ ಆ ಗೆರೆ ಚಿಕ್ಕ ಬಿಳಿ ಬಿಲ್ಲೆಯಾಯಿತು. ಅದರ ಒಂದು ಮಗ್ಗುಲಲ್ಲಿ ಸೂಜಿಮೊನೆಯಂಥ ಎರಡು ಚುಕ್ಕೆಗಳು, ಇನ್ನೊಂದು ಮಗ್ಗುಲಲ್ಲಿ ಒಂದು, ಮೂರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ. ಆ ಕ್ಷಣವನ್ನು ನಾನು ಮರೆತಿಲ್ಲ.

ಒಂದೇ ರಾತ್ರಿ ನೋಡಿದರೆ ಅವು ಹಿನ್ನೆಲೆಯ ನಕ್ಷತ್ರಗಳಿರಬಹುದೆಂಬ ಅನುಮಾನ ಉಳಿಯುತ್ತದೆ. ಆದ್ದರಿಂದ ಪುಟದ ನಡುವೆ ಸಣ್ಣ ವೃತ್ತ ಬರೆದು, ಕಂಡ ಚುಕ್ಕೆಗಳನ್ನು ಅಂದಾಜು ದೂರದಲ್ಲಿ ಗುರುತಿಸಿ, ದಿನಾಂಕ ಮತ್ತು ಗಂಟೆಯನ್ನು ಬರೆಯಿರಿ. ಗೆಲಿಲಿಯೊ ಮಾಡಿದ್ದೂ ಇದನ್ನೇ: 1610ರ ಜನವರಿ 7ರಂದು ಅವರಿಗೆ ಕಂಡದ್ದು ಮೂರೇ ಚುಕ್ಕೆ, ಗುರುವಿನ ಪೂರ್ವಕ್ಕೆ ಎರಡು, ಪಶ್ಚಿಮಕ್ಕೆ ಒಂದು, ಮರುದಿನ ಮೂರೂ ಪಶ್ಚಿಮದಲ್ಲಿದ್ದವು, ನಾಲ್ಕನೆಯದನ್ನು ಅವರು ಗುರುತಿಸಿದ್ದು 13ರಂದು.

ಎರಡು ವಾರದ ಚಿತ್ರಗಳು ಕೂಡಿದ ಮೇಲೆ ಹೆಸರು ಹಿಡಿಯುವುದು ಸುಲಭ. ಅಯೊ 42 ಗಂಟೆಗಳಿಗೆ ತುಸು ಮೀರಿದ ಅವಧಿಯಲ್ಲಿ, ಯುರೋಪಾ ಸುಮಾರು ಮೂರೂವರೆ ದಿನಗಳಲ್ಲಿ, ಗ್ಯಾನಿಮೀಡ್ 7 ದಿನಗಳಿಗೆ ತುಸು ಮೀರಿ, ಕ್ಯಾಲಿಸ್ಟೊ ಸುಮಾರು 16.7 ದಿನಗಳಲ್ಲಿ ಒಂದು ಸುತ್ತು ಮುಗಿಸುತ್ತವೆ. ಬೈನಾಕ್ಯುಲರಿಗೆ ಬೇಗ ಸಿಕ್ಕುವುದು ಗ್ಯಾನಿಮೀಡ್. ಬುಧಗ್ರಹಕ್ಕಿಂತಲೂ ದೊಡ್ಡದಾದ ಇದು ನಾಲ್ಕರಲ್ಲಿ ಅತ್ಯಂತ ಪ್ರಕಾಶಮಾನವಾದದ್ದು. ಕ್ಯಾಲಿಸ್ಟೊ ಮಂಕಾಗಿದ್ದರೂ, ಹುಣ್ಣಿಮೆ ಚಂದ್ರನ ಅಗಲದ ಮೂರರಲ್ಲೊಂದು ಪಾಲಿನಷ್ಟು ದೂರ ಸರಿಯುವುದರಿಂದ ಗುರುವಿನ ಬೆಳಕಿನಿಂದ ತಪ್ಪಿಸಿಕೊಳ್ಳುತ್ತದೆ. ಅಯೊ ಅಷ್ಟು ದೂರ ಹೋಗುವುದೇ ಇಲ್ಲ. ಅದನ್ನು ಬಿಡಿಸಿ ನೋಡಲು ಟ್ರೈಪಾಡ್ ಬೇಕಾಗಬಹುದು.

ಯಾವುದಾದರೂ ಚಂದ್ರ ಕಾಣದಿದ್ದರೆ ಅದು ಗುರುವಿನ ಹಿಂದೆಯೋ, ಮುಂದೆಯೋ, ನೆರಳಿನೊಳಗೋ ಇರಬಹುದು, ಇಲ್ಲವೆ ಗುರುವಿನ ಬೆಳಕಿನಲ್ಲಿ ಮುಳುಗಿರಬಹುದು. ಅದನ್ನು ಊಹೆಯಿಂದ ಚಿತ್ರಕ್ಕೆ ಸೇರಿಸದೆ, ಎರಡು ಮೂರು ಗಂಟೆ ಬಿಟ್ಟು ಮತ್ತೆ ಟೆರೇಸ್ ಹತ್ತಿ ಅದೇ ಪುಟದಲ್ಲಿ ಇನ್ನೊಂದು ಚಿತ್ರ ಬರೆಯಿರಿ.